ಬೆಳ್ಳಕ್ಕಿಯ ಗರಿ ಎಲ್ಲಿ ಹೋಯ್ತು?

ಪ್ರಶ್ನೆ: ನಮ್ಮೂರ ಕೆರೆಯಲ್ಲಿ ಬೆಳ್ಳಕ್ಕಿ ಫೋಟೊ ತೆಗೆದರೆ ಪ್ರತಿ ಸಲ ಮೈಯೆಲ್ಲ ಸುಣ್ಣ ಬಳಿದ ಹಾಗೆ ಬರುತ್ತದೆ, ಒಂದು ಗರಿಯೂ ಕಾಣುವುದಿಲ್ಲ. ಕಂಪ್ಯೂಟರ್‌ನಲ್ಲಿ ಹೈಲೈಟ್ಸ್ (ಅತಿ ಬೆಳಕಿನ ಭಾಗ) ಪೂರ್ತಿ ಇಳಿಸಿದರೆ ಬೂದಿ ಬಣ್ಣ ಆಗುತ್ತದೆ ಅಷ್ಟೆ. ಲೆನ್ಸ್ ಬದಲಾಯಿಸಬೇಕಾ? (ತಿಪಟೂರಿನ ಓದುಗರು)

ಉತ್ತರ: ಬೇಡ, ದುಡ್ಡು ಉಳಿಸಿಕೊಳ್ಳಿ. ಫ್ರೇಮಿನ ತುಂಬ ಕಪ್ಪು ನೀರು, ನಡುವೆ ಅಂಗೈಯಷ್ಟು ಬಿಳಿ, ಅಲ್ವಾ? ಕ್ಯಾಮೆರಾ ಆ ಕಪ್ಪನ್ನು ನೋಡಿ ಬೆಳಕು ಸಾಲದು ಅಂತ ಲೆಕ್ಕ ಹಾಕಿ ಇಡೀ ಚಿತ್ರವನ್ನು ಬೆಳಗಿಸುತ್ತದೆ. ನೀರು ಚೆನ್ನಾಗಿ ಬರುತ್ತದೆ, ಹಕ್ಕಿ ಸುಟ್ಟುಹೋಗುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಶನ್ (ಕ್ಯಾಮೆರಾ ಹಾಕಿದ ಬೆಳಕಿನ ಲೆಕ್ಕವನ್ನು ನಾವೇ ಏರಿಸಿ ಇಳಿಸುವ ಸೆಟ್ಟಿಂಗ್) ಮೈನಸ್ 1ಕ್ಕೆ ಇಳಿಸಿ ಒಂದು ಫೋಟೊ ತೆಗೆಯಿರಿ. ಅತಿ ಬಿಳಿಯಾದ ಜಾಗ ಪರದೆ ಮೇಲೆ ಮಿನುಗುವ ಹಾಗೆ ಮಾಡುವ ಸೆಟ್ಟಿಂಗ್ ಹೆಚ್ಚಿನ ಕ್ಯಾಮೆರಾಗಳಲ್ಲಿ ಇರುತ್ತದೆ, ಅದನ್ನು ಆನ್ ಮಾಡಿಡಿ. ಹಕ್ಕಿಯ ಬೆನ್ನು ಮಿನುಗಿದರೆ ಇನ್ನೂ ಸ್ವಲ್ಪ ಇಳಿಸಿ. ಅದೇ ಬೆಳ್ಳಕ್ಕಿ ಎದ್ದು ಬಿಳಿ ಆಕಾಶಕ್ಕೆ ಹೋಯಿತು ಅನ್ನಿ, ಆಗ ಲೆಕ್ಕ ತಿರುಗುಮುರುಗು, ಪ್ಲಸ್ ಕಡೆ ಹೋಗಬೇಕು. ಜೆಪೆಗ್ ಬಿಟ್ಟು ರಾ ಫೈಲ್‌ನಲ್ಲೇ (ಕ್ಯಾಮೆರಾ ಕಂಡದ್ದನ್ನು ಕುಗ್ಗಿಸದೆ ಹಾಗೇ ಇಡುವ ಫೈಲ್) ತೆಗೆಯಿರಿ, ಸ್ವಲ್ಪ ಹೆಚ್ಚುಕಮ್ಮಿಯಾದರೂ ಸರಿಮಾಡಿಕೊಳ್ಳಬಹುದು. ಆದರೆ ಪೂರ್ತಿ ಬಿಳಿಯಾಗಿ ಹೋದ ಜಾಗದಲ್ಲಿ ಗರಿ ದಾಖಲೇ ಆಗಿರುವುದಿಲ್ಲ, ಆಮೇಲೆ ಸ್ಲೈಡರ್ ಎಷ್ಟು ಎಳೆದರೂ ನಿಮಗೆ ಸಿಗುವುದು ಆ ಬೂದಿಯೇ.

ಇನ್ನೊಂದು, ಹೊತ್ತು. ಬೆಳಿಗ್ಗೆ ಏಳರ ಸುಮಾರಿಗೆ ಬಿಸಿಲು ಓರೆಯಾಗಿ ಬೀಳುವಾಗ ಒಂದೊಂದು ಗರಿಗೂ ಅದರದ್ದೇ ಸಣ್ಣ ನೆರಳು ಇರುತ್ತದೆ. ಮರಿ ಮಾಡುವ ಕಾಲದಲ್ಲಿ ಚಿಕ್ಕ ಬೆಳ್ಳಕ್ಕಿಯ ತಲೆಯ ಹಿಂದೆ ದಾರದ ಹಾಗೆ ಎರಡು ಉದ್ದ ಗರಿ ಇಳಿಬಿದ್ದಿರುತ್ತವೆ, ಬೆನ್ನಿನ ಮೇಲೆ ಹಿಂಜಿದ ಹತ್ತಿಯಂಥ ಗರಿಗಳು. ಗಾಳಿ ಬಂದರೆ ಅವು ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತವೆ. ಹತ್ತು ಗಂಟೆ ಬಿಸಿಲಿಗೆ ಅದೆಲ್ಲ ಮಾಯ.

ಪ್ರಶ್ನೆ: ರಂಗನತಿಟ್ಟಿನಲ್ಲಿ ದೋಣಿಯಿಂದ ತೆಗೆದ ಫೋಟೊಗಳಲ್ಲಿ ಮುಕ್ಕಾಲು ಪಾಲು ಮಸುಕು. ಸೆಟ್ಟಿಂಗ್ ಹೇಳಿ. (ಬೆಂಗಳೂರಿನ ಓದುಗರು)

ಉತ್ತರ: ದೋಣಿ ಅಲುಗುತ್ತದೆ, ನೀವು ಅಲುಗುತ್ತೀರಿ, ಹಕ್ಕಿಯೂ ಅಲುಗುತ್ತದೆ. ಕೂತ ಹಕ್ಕಿಗೂ ಶಟರ್ ವೇಗ ಸೆಕೆಂಡಿನ 1/1000ಕ್ಕಿಂತ ಕೆಳಗೆ ಇಳಿಸಬೇಡಿ, ಹಾರುವ ನದಿ ರೀವ (ರಿವರ್ ಟರ್ನ್) ಹಕ್ಕಿಗೆ 1/2500 ಆದರೂ ಬೇಕು. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆಟೊದಲ್ಲಿ ಬಿಡಿ, 1600, 3200 ಆದರೂ ಹೆದರಬೇಡಿ. ಅದರಿಂದ ಬರುವ, ಕಾಳಿನ ಹಾಗೆ ಕಾಣುವ ನಾಯ್ಸ್ ತೆಗೆಯಬಹುದು, ಅಲುಗಿದ ಕಣ್ಣನ್ನು ಸರಿಮಾಡಲು ಆಗುವುದಿಲ್ಲ. ದೋಣಿಯಲ್ಲಿ ಟ್ರೈಪಾಡ್ ಇಡುವುದು ಸುಮ್ನೆ ಕಷ್ಟ, ನಡುಕವೆಲ್ಲ ಕಾಲಿನಿಂದ ಕ್ಯಾಮೆರಾಗೆ ಏರುತ್ತದೆ. ಮೊಣಕೈ ಹೊಟ್ಟೆಗೆ ಒತ್ತಿ ಹಿಡಿಯಿರಿ. ಹುಟ್ಟು ಹಾಕುವ ಅಣ್ಣನಿಗೆ ಮೊದಲೇ ಹೇಳಿಡಿ, ಬಿಸಿಲು ನಮ್ಮ ಬೆನ್ನ ಹಿಂದೆ ಇರುವ ಕಡೆ ಒಂದು ನಿಮಿಷ ಹುಟ್ಟು ನಿಲ್ಲಿಸಿ ಅಂತ. ಯಾವ ಬಂಡೆ ಮೇಲೆ ಹಾವಕ್ಕಿ ರೆಕ್ಕೆ ಹರಡಿಕೊಂಡು ಕೂರುತ್ತದೆ ಅನ್ನುವುದು ಅವರಿಗೆ ಗೊತ್ತಿರುವಷ್ಟು ನಮಗೆ ಗೊತ್ತಿರುವುದಿಲ್ಲ. 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಯದಿಂದ ಪಕ್ಷಿಧಾಮವಾದ ಜಾಗ ಅದು. ಹಕ್ಕಿಗಳು ದೋಣಿಗೆ ಎಷ್ಟೋ ತಲೆಮಾರಿನಿಂದ ಹೊಂದಿಕೊಂಡಿವೆ, ಹಾಗಾಗಿ ಅವಸರ ಬೇಡ.

ಪ್ರಶ್ನೆ: ನಮ್ಮ ಜಿಲ್ಲೆಯ ಮಾಗಡಿ ಕೆರೆಯಲ್ಲಿ 600 ಎಂಎಂ ಲೆನ್ಸ್‌ನಿಂದ ಪಟ್ಟೆತಲೆ ಹೆಬ್ಬಾತು ತೆಗೆದೆ. ಫೋಕಸ್ ಸರಿಯಿದೆ, ಆದರೂ ಅಂಚೆಲ್ಲ ಕರಗಿದ ಹಾಗಿದೆ. ಶಾರ್ಪ್‌ನೆಸ್ ಎಷ್ಟು ಏರಿಸಲಿ? (ಗದಗದ ಓದುಗರು)

ಉತ್ತರ: ಏರಿಸಬೇಡಿ, ಇನ್ನೂ ಕೆಡುತ್ತದೆ. ಮಧ್ಯಾಹ್ನ ತೆಗೆದಿದ್ದೀರಿ ಅನಿಸುತ್ತದೆ. ಬಿಸಿಲೇರಿದ ಮೇಲೆ ನೀರಿನ ಮೇಲೂ ದಡದ ಮೇಲೂ ಗಾಳಿ ಕಾದು, ದೋಸೆ ಕಾವಲಿ ಮೇಲಿನ ಗಾಳಿಯ ಹಾಗೆ ಅಲೆಯಾಡುತ್ತದೆ. ದೂರ ಹೆಚ್ಚಿದಷ್ಟೂ ಹಾಳು, ಎಷ್ಟು ಲಕ್ಷದ ಲೆನ್ಸ್ ಆದರೂ ಅಷ್ಟೆ. ಹಿಮಾಲಯ ದಾಟಿ ಬಂದ ಹಕ್ಕಿಗಾಗಿ ನೀವು ಒಂದು ದಿನ ಬೇಗ ಎದ್ದರೆ ಸಾಕು.

ಪ್ರಶ್ನೆ: ಎಡಿಟಿಂಗ್‌ನಲ್ಲಿ ಯಾವುದು ಮೊದಲು? ನೀರಲ್ಲಿ ತೇಲುವ ಕಸ ಅಳಿಸಬಹುದಾ? (ಶಿವಮೊಗ್ಗದ ಓದುಗರು)

ಉತ್ತರ: ನಾನು ಮೊದಲು ಚಿತ್ರವನ್ನು ನೆಟ್ಟಗೆ ಮಾಡುತ್ತೇನೆ. ನೀರು ಒಂದು ಕಡೆ ಜಾರುವಂತಿದ್ದರೆ ಉಳಿದದ್ದು ಎಷ್ಟು ಚೆನ್ನಾಗಿದ್ದರೂ ಕಣ್ಣಿಗೆ ಕಿರಿಕಿರಿ. ಆಮೇಲೆ ನಾಯ್ಸ್, ಆಮೇಲೆ ಬೆಳಕು, ಬಣ್ಣ. ಹಕ್ಕಿಗೂ ನೀರಿಗೂ ಬೇರೆ ಬೇರೆ ಮಾಸ್ಕ್ (ಬದಲಾವಣೆ ಆ ಭಾಗಕ್ಕೆ ಮಾತ್ರ ತಾಗುವ ಹಾಗೆ ಮಾಡುವ ಗುರುತು) ಹಾಕಿ. ಇಡೀ ಚಿತ್ರಕ್ಕೆ ಕ್ಲಾರಿಟಿ ಏರಿಸಿದರೆ ನೀರಿನ ಸಣ್ಣ ಅಲೆಯೆಲ್ಲ ಎದ್ದು ಕುಣಿದು, ನೋಡುವವರ ಕಣ್ಣು ಹಕ್ಕಿ ಬಿಟ್ಟು ಅಲ್ಲಿಗೇ ಹೋಗುತ್ತದೆ. ಶಾರ್ಪ್‌ನೆಸ್ ಕೊನೆಗೆ, ಅದೂ ತಲೆಗೆ ಮತ್ತು ಗರಿಗೆ ಮಾತ್ರ. ಕ್ರಾಪ್ ಮಾಡುವಾಗ ಪ್ರತಿಬಿಂಬದ ಕೊಕ್ಕು ಕತ್ತರಿಸಬೇಡಿ. 24 ಮೆಗಾಪಿಕ್ಸೆಲ್ ಚಿತ್ರವನ್ನು ಉದ್ದ, ಅಗಲ ಎರಡರಲ್ಲೂ ಅರ್ಧಕ್ಕೆ ಕತ್ತರಿಸಿದರೆ ಉಳಿಯುವುದು 6 ಮಾತ್ರ ಅನ್ನುವುದೂ ನೆನಪಿರಲಿ.

ಕಸದ ವಿಷಯ. ಮನೆ ಗೋಡೆಗೆ ಹಾಕುವ ಚಿತ್ರವಾದರೆ ನಿಮ್ಮಿಷ್ಟ. ಸ್ಪರ್ಧೆಗೆ, ಪತ್ರಿಕೆಗೆ ಕಳಿಸುವುದಾದರೆ ಅಳಿಸಬೇಡಿ. ಆ ಪ್ಲಾಸ್ಟಿಕ್ ಅಲ್ಲಿ ಇತ್ತು, ಹಕ್ಕಿ ಅದರ ನಡುವೆಯೇ ಮೀನು ಹುಡುಕುತ್ತಿತ್ತು. ಅದನ್ನು ಅಳಿಸಿ ಕೆರೆ ಚೆನ್ನಾಗಿದೆ ಅಂತ ತೋರಿಸುವುದು ನನಗಂತೂ ಒಪ್ಪಿಗೆಯಿಲ್ಲ.

ಪ್ರಶ್ನೆ: ಕೆರೆಯಲ್ಲಿ ಗುಳುಮುಳುಕದ ಗೂಡು ಸಿಕ್ಕಿದೆ, ದಡದಿಂದ ಹತ್ತಡಿ. ನಾನು ಹೋದ ಕೂಡಲೇ ಹಕ್ಕಿ ಮುಳುಗಿಬಿಡುತ್ತದೆ. ಗೂಡಲ್ಲಿ ಬರೀ ಕೊಳೆತ ಜೊಂಡು. ಮೊಟ್ಟೆ ಇಟ್ಟಿಲ್ಲವಾ? (ಹಾಸನದ ಓದುಗರು)

ಉತ್ತರ: ದಯವಿಟ್ಟು ಇವತ್ತೇ ಹಿಂದೆ ಸರಿಯಿರಿ. ಮೊಟ್ಟೆ ಆ ಜೊಂಡಿನ ಕೆಳಗೆ ಇರಬಹುದು. ಗುಳುಮುಳುಕ ಗೂಡು ಬಿಟ್ಟು ಇಳಿಯುವ ಮುಂಚೆ ಕೊಕ್ಕಿನಿಂದ ನಾಲ್ಕು ಎಳೆ ಜೊಂಡು ಎಳೆದು ಮೊಟ್ಟೆ ಮುಚ್ಚಿ ಹೋಗುತ್ತದೆ. ನೀವು ದಿಢೀರನೆ ಹೋದರೆ ಮುಚ್ಚುವುದಕ್ಕೂ ಪುರುಸೊತ್ತು ಸಿಗದೆ ಮುಳುಗುತ್ತದೆ, ಆಗ ಕಾಗೆಗೆ ಮೊಟ್ಟೆ ಎದುರಿಗೇ ಸಿಕ್ಕ ಹಾಗೆ. ಗೂಡಿನ ಚಿತ್ರ ಬೇಡ. ಮರಿ ಹೊರಬಂದ ಮೇಲೆ ದೂರದ ದಡದಲ್ಲಿ, ಜೊಂಡಿನ ಮರೆಯಲ್ಲಿ, ಕ್ಯಾಮೆರಾ ನೀರಿನ ಮಟ್ಟಕ್ಕೆ ಇಟ್ಟು ಮಲಗಿ ಕಾಯಿರಿ. ಪಟ್ಟೆ ಪಟ್ಟೆ ತಲೆಯ ಮರಿಗಳು ತಾಯಿಯ ಬೆನ್ನೇರಿ ರೆಕ್ಕೆಯ ಒಳಗೆ ನುಸುಳಿ, ಬರೀ ಮೂತಿ ಹೊರಗೆ ಚಾಚುತ್ತವೆ. ಆ ಫೋಟೊ ಸಿಕ್ಕರೆ ನಮಗೂ ಕಳಿಸಿ.