ಪರಿಹಾರ ಪಹಣಿಗೆ, ನಷ್ಟ ಲೀಜಿನವನಿಗೆ

ಸಿಂಧನೂರು ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ: 'ನಾಲ್ಕು ಎಕರೆ ಗದ್ದೆ ಲೀಜಿಗೆ ಕೊಟ್ಟು ರಾಯಚೂರಿನಲ್ಲಿದ್ದೇನೆ. ಪಿಎಂ ಕಿಸಾನ್ ಹಣ, ಬೆಳೆ ಪರಿಹಾರ ಎರಡೂ ನನ್ನ ಖಾತೆಗೆ ಬರುತ್ತವೆ. ಲೀಜಿನವನು ಪರಿಹಾರ ತನ್ನದು ಅಂತಾನೆ. ಹೊಲ ನನ್ನದು, ಪಹಣಿ ನನ್ನದು. ನಾನ್ಯಾಕೆ ಕೊಡಬೇಕು?'

ಸಂಪಾದಕರ ಉತ್ತರ:

ಮುಚ್ಚುಮರೆ ಇಲ್ಲದೆ ಕೇಳಿದ್ದೀರಿ, ಸಂತೋಷ. ಬಹಳ ಜನ ಇದನ್ನು ಬಾಯಿಬಿಟ್ಟು ಹೇಳುವುದೇ ಇಲ್ಲ.

ನಿಮ್ಮ ಅಳುಕು ನನಗೆ ಅರ್ಥವಾಗುತ್ತದೆ. ಲೀಜಿನವನ ಹೆಸರು ಒಂದು ಸಲ ಕಾಗದಕ್ಕೆ ಬಂದರೆ ಹೊಲವೇ ಕೈಬಿಟ್ಟೀತು ಅನ್ನುವ ಭಯ 1974ರ ಭೂಸುಧಾರಣೆಯಿಂದ ನಮ್ಮ ಕಡೆ ಹೋಗಿಲ್ಲ. ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿಯೂ ಜಮೀನು ಇದ್ದವರಿಗೇ ಅಂತ ನಿಯಮ ಇದೆ. ಅದು ನಿಮ್ಮದೇ, ಇಟ್ಟುಕೊಳ್ಳಿ.

ಆದರೆ ಬೆಳೆ ಪರಿಹಾರದ ಮಾತು ಬೇರೆ. ಸರ್ಕಾರದ ಕಡತದಲ್ಲಿ ಅದರ ಹೆಸರು ಇನ್‌ಪುಟ್ ಸಬ್ಸಿಡಿ. ಅಂದರೆ ಬೀಜ, ಗೊಬ್ಬರ, ಔಷಧಿಗೆ ಹಾಕಿ ಕಳೆದುಕೊಂಡ ದುಡ್ಡಿಗೆ ಒಂದಿಷ್ಟು ಆಸರೆ. ಕೇಂದ್ರದ 2022ರ ನಿಯಮದಲ್ಲಿ ನೀರಾವರಿ ಜಮೀನಿಗೆ ಹೆಕ್ಟೇರಿಗೆ 17,000, ಮಳೆ ನಂಬಿದ ಹೊಲಕ್ಕೆ 8,500 ರೂಪಾಯಿ ಇತ್ತು, ಅದೂ ಎರಡು ಹೆಕ್ಟೇರಿನವರೆಗೆ ಮಾತ್ರ. ಈಗ ಹೇಳಿ, ಆ ಬೀಜ ತಂದವರು ಯಾರು? ಗೊಬ್ಬರದ ಅಂಗಡಿಯಲ್ಲಿ ಸಾಲ ಬರೆಸಿದವರು ಯಾರು?

2021ರ ನವೆಂಬರಿನಲ್ಲಿ ಅಕಾಲ ಮಳೆ ಬಂತಲ್ಲ, ಆಗ ಕಾರಟಗಿ ಹತ್ತಿರ ಒಂದು ಗದ್ದೆಗೆ ಹೋಗಿದ್ದೆ. ಕೊಯ್ಲಿಗೆ ಬಂದ ಭತ್ತ ನೀರಲ್ಲಿ ಮಲಗಿತ್ತು. ಲೀಜಿಗೆ ಮಾಡಿದ್ದ ಹುಡುಗ ಒಂದು ತೆನೆ ಎತ್ತಿ ನನ್ನ ಅಂಗೈಗೆ ಇಟ್ಟ. ಕಾಳಿನ ತುದಿಯಲ್ಲಿ ಬೆಳ್ಳಗೆ ಮೊಳಕೆ ಬಂದಿತ್ತು, ತೆನೆಯಲ್ಲೇ. ಸರ್ವೆಗೆ ಬಂದವರು ಮೊಬೈಲಿನಲ್ಲಿ ಫೋಟೊ ಹೊಡೆದು, 'ಪಹಣಿ ಯಾರ ಹೆಸರಲ್ಲಿದೆ?' ಅಂದರು. ಹುಡುಗ ಹೊಲದ ಧಣಿಯ ಹೆಸರು ಹೇಳಿದ. ಅವರು ಬರೆದುಕೊಂಡು ಮುಂದಿನ ಗದ್ದೆಗೆ ಹೋದರು. ಅವನ ಹೆಸರನ್ನು ಯಾರೂ ಕೇಳಲಿಲ್ಲ. ಅವನ ಹೆಂಡತಿ ಬದುವಿನ ಮೇಲೆ ನಿಂತಿದ್ದಳು, ನಾಟಿ ಹಚ್ಚಿದ ಕೈ ಅವಳದು. ಅವಳನ್ನಂತೂ ಯಾರೂ ತಿರುಗಿ ಸಹ ನೋಡಲಿಲ್ಲ.

'ಉಳುವವನೇ ಹೊಲದೊಡೆಯ' ಅಂತ ಹೇಳಿದ ನಾಡು ನಮ್ಮದು. ಆ ಕಾನೂನಿನಿಂದ ಎಷ್ಟೋ ಮನೆಗಳಲ್ಲಿ ದೀಪ ಹತ್ತಿತು, ಅದನ್ನು ನಾನು ಎಂದೂ ಮರೆಯುವುದಿಲ್ಲ. ಆದರೆ ಆಮೇಲೆ ಹೊಸದಾಗಿ ಗೇಣಿಗೆ ಕೊಡುವುದನ್ನೇ ನಿಷೇಧ ಮಾಡಿದರು. ಮುಖ್ಯವಾಗಿ ಸೈನಿಕರಿಗೆ, ನಾವಿಕರಿಗೆ ವಿನಾಯಿತಿ. ನಿಷೇಧ ಮಾಡಿದ್ದಕ್ಕೆ ಲೀಜು ನಿಂತಿತಾ? ಗಂಗಾವತಿಯಿಂದ ಮಾನ್ವಿವರೆಗೆ ತುಂಗಭದ್ರಾ ಎಡದಂಡೆ ಕಾಲುವೆ ಹಿಡಿದು ಹೋಗಿ ನೋಡಿ. ಧಣಿಗೆ ಎಕರೆಗೆ ಇಷ್ಟು ಚೀಲ ಭತ್ತ ಅಂತ ಬಾಯಿಮಾತಿನಲ್ಲೇ ಎಲ್ಲಾ ನಡೆಯುತ್ತದೆ. ಕಾಗದ ಇಲ್ಲ ಅಂತ ಬ್ಯಾಂಕು ಬೆಳೆ ಸಾಲ ಕೊಡುವುದಿಲ್ಲ. ದಲಾಲಿ ಅಂಗಡಿಗೆ ಹೋಗಬೇಕು. ಅಲ್ಲಿ ಸಾಲ ತಂದರೆ ಭತ್ತವನ್ನೂ ಅಲ್ಲೇ ಹಾಕಬೇಕು, ಅವರು ಹೇಳಿದ ರೇಟಿಗೆ. ಕೊನೆಗೆ ಸೋತು ಜೀವ ಕಳೆದುಕೊಂಡರೆ, ಆತ ರೈತನೇ ಹೌದು ಅಂತ ತೋರಿಸಲು ಹೆಂಡತಿ ಕಚೇರಿ ಕಚೇರಿ ಅಲೆಯಬೇಕು. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ.

ದಾರಿ ಇಲ್ಲ ಅಂತಲ್ಲ. ಹೊಳೆಯಾಚೆ ಆಂಧ್ರದಲ್ಲಿ 2019ರಲ್ಲೇ ಕಾನೂನು ಮಾಡಿದರು. ಹನ್ನೊಂದು ತಿಂಗಳ ಒಪ್ಪಂದ, ಬೆಳೆ ಮಾಡುವವನು ಈತನೇ ಅಂತ ಗೇಣಿದಾರನ ಕೈಗೊಂದು ಕಾರ್ಡು. ಧಣಿಯ ಹಕ್ಕಿಗೆ ಧಕ್ಕೆ ಇಲ್ಲ ಅಂತ ಕಾನೂನೇ ಹೇಳುತ್ತದೆ. ಅಲ್ಲೂ ಕಾರ್ಡು ಎಲ್ಲರಿಗೂ ಸಿಕ್ಕಿಲ್ಲ, ನಿಜ. ಆದರೂ ಕೇಳಲು ಒಂದು ಕಾನೂನಾದರೂ ಇದೆ. ನಮ್ಮಲ್ಲಿ ಅದೂ ಇಲ್ಲ. ನಮ್ಮ ಶಾಸಕರು ಕಾಲುವೆ ನೀರಿಗೆ ಗಲಾಟೆ ಮಾಡುತ್ತಾರೆ, ಮಾಡಲಿ. ಈ ಮಾತನ್ನೂ ಒಂದು ದಿನ ಎತ್ತಬಾರದಾ?

ಅಲ್ಲಿಯವರೆಗೆ ನಿಮ್ಮ ಕೈಯಲ್ಲೇ ಆಗುವ ಕೆಲಸ ಒಂದಿದೆ. ಸುಗ್ಗಿ ಮುಗಿದು ಲೀಜಿನ ಲೆಕ್ಕಕ್ಕೆ ಕೂತಾಗ, ಬಂದ ಪರಿಹಾರದಷ್ಟು ಚೀಲ ಬಿಟ್ಟುಬಿಡಿ. ಹಾಗೇ ಇನ್ನೊಂದು ಮಾತು. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ಎಲ್ಲೂ ಆತನ ಹೆಸರಿಲ್ಲ, ಬರೀ 'ಲೀಜಿನವನು' ಅಂತಿದೆ. ಮುಂದಿನ ಪತ್ರದಲ್ಲಿ ಹೆಸರು ಬರೆಯಿರಿ, ಈ ಸಲ ಎಷ್ಟು ಚೀಲ ಬೆಳೆದರು ಅನ್ನುವುದನ್ನೂ ತಿಳಿಸಿ.