ಪ್ರತಿ: ಮೊದಲ ಕೀಸುಳಿ, ಉಳಿಗಳನ್ನು ಅಂಗಡಿಯಲ್ಲಿ ನೋಡಿ ಕೊಳ್ಳುವ ಬಗ್ಗೆ

ಮರಗೆಲಸದ ಉಪಕರಣಗಳನ್ನಷ್ಟೇ ಮಾರುವ ಅಂಗಡಿಯಲ್ಲಿ ಮೊದಲ ಕೀಸುಳಿ (ಮರವನ್ನು ಹೆರೆದು ನಯಗೊಳಿಸುವ ಉಪಕರಣ) ಮತ್ತು ಉಳಿಗಳನ್ನು ಕೊಂಡರೆ, ಅಲ್ಲಿನ ಹೆಚ್ಚಿನ ಬೆಲೆಗೆ ತಕ್ಕ ಪ್ರಯೋಜನವಿದೆಯೇ ಎಂದು ಕೇಳಿದ್ದೀರಿ. ಇದೆ, ಆದರೆ ಉಪಕರಣವನ್ನು ಕೈಗೆತ್ತಿಕೊಂಡು ಪರೀಕ್ಷಿಸಲು ಅಂಗಡಿಯವರು ಬಿಡುವುದಾದರೆ ಮಾತ್ರ.

ಕೀಸುಳಿಗಳನ್ನು ಗಾತ್ರಕ್ಕೆ ತಕ್ಕಂತೆ ನಂಬರಿನಿಂದ ಗುರುತಿಸುತ್ತಾರೆ; ಸುಮಾರು 250 ಮಿ.ಮೀ. ಉದ್ದದ 4ನೇ ನಂಬರಿಗಿಂತ 355 ಮಿ.ಮೀ. ಆಸುಪಾಸಿನ 5ನೇ ನಂಬರಿನ ಕೀಸುಳಿಯೇ ಮೊದಲ ಖರೀದಿಗೆ ಮೇಲು ಎಂಬುದು ನನ್ನ ಅಭಿಪ್ರಾಯ. ಅಲಗನ್ನು ಬಿಗಿಯಾಗಿಯೇ ಇರಿಸಿ ಸ್ವಲ್ಪ ಒಳಕ್ಕೆ ಸರಿಸಿ, ಉಕ್ಕಿನ ನೇರಪಟ್ಟಿಯನ್ನು ತಳದ ಮೇಲೆ ಉದ್ದಕ್ಕೂ ಕರ್ಣರೇಖೆಯಲ್ಲೂ ನಿಲ್ಲಿಸಿ ಬೆಳಕಿಗೆ ಹಿಡಿಯಿರಿ. ಮುಂದಿನ ತುದಿ, ಬಾಯಿಯ (ತಳದಲ್ಲಿ ಅಲಗು ಹೊರಬರುವ ಸೀಳಿನ) ಮುಂಭಾಗ ಮತ್ತು ಹಿಂತುದಿ, ಈ ಮೂರೂ ಕಡೆ ಪಟ್ಟಿ ತಾಗುತ್ತಿದ್ದರೆ ನಡುವೆ ಇಣುಕುವ ಕೂದಲೆಳೆಯಷ್ಟು ಬೆಳಕಿಗೆ ಹೆದರಬೇಕಿಲ್ಲ. ಬಾಯಿಯ ಬಳಿಯೇ ತಗ್ಗಿದ್ದರೆ ಅದನ್ನು ಬಿಟ್ಟುಬಿಡಿ.

ಉಳಿಯನ್ನು ಕೈಗೆತ್ತಿಕೊಂಡ ಕೂಡಲೇ ಎಲ್ಲರೂ ಹೆಬ್ಬೆರಳಿನಿಂದ ಮೊನೆಯನ್ನು ಮುಟ್ಟಿ ನೋಡುತ್ತಾರೆ, ಆದರೆ ಹೊಸ ಉಳಿಯನ್ನು ಹೇಗೂ ಮನೆಯಲ್ಲಿ ಮಸೆಯಲೇಬೇಕು. ನೋಡಬೇಕಾದದ್ದು ಅದರ ಚಪ್ಪಟೆ ಬೆನ್ನನ್ನು: ಅಲ್ಲಿ ತುಸು ತಗ್ಗಿದ್ದರೆ ಚಿಂತೆಯಿಲ್ಲ, ಮೊನೆಯ ಹತ್ತಿರ ಉಬ್ಬಿದ್ದರೆ ಅದನ್ನು ಸಮಮಾಡುವಷ್ಟರಲ್ಲಿ ತಾಳ್ಮೆಯೇ ಸವೆದುಹೋಗುತ್ತದೆ. 6, 12 ಮತ್ತು 25 ಮಿ.ಮೀ. ಅಗಲದ ಮೂರು ಉಳಿಗಳು ಆರಂಭಕ್ಕೆ ಸಾಕು. ಹನ್ನೆರಡು ಉಳಿಗಳ ಮರದ ಪೆಟ್ಟಿಗೆ ಉಡುಗೊರೆ ಕೊಡುವವರಿಗಾಗಿ ಇರುವಂಥದ್ದು.

ಗರಗಸವನ್ನೂ ಕೊಳ್ಳುವುದಾದರೆ, ಹಲ್ಲುಗಳ ತುದಿ ನೀಲಿಗಪ್ಪಾಗಿದ್ದರೆ ಅದನ್ನು ಸಾಮಾನ್ಯ ಅರದಿಂದ ಮತ್ತೆ ಹರಿತಗೊಳಿಸಲಾಗದು ಎಂಬುದನ್ನು ಗಮನದಲ್ಲಿಡಿ. ಹಣ ಉಳಿದರೆ ಉಳಿ, ಅಲಗುಗಳನ್ನು ಮಸೆಯಲು 1000 ಗ್ರಿಟ್‌ನ (ಗ್ರಿಟ್ ಎಂದರೆ ಕಲ್ಲಿನ ಕಣಗಳ ನುಣುಪಿನ ಅಳತೆ) ಒಂದು ಸಾಣೆಕಲ್ಲನ್ನು ಅದೇ ದಿನ ತನ್ನಿರಿ.