ವರ್ಲಿಯ ಆ ಮೊದಲ ಪಂದ್ಯದ ಬಗ್ಗೆ

2019ರ ಅಕ್ಟೋಬರ್ 4ರಂದು ಮುಂಬೈನ ವರ್ಲಿಯ ಡೋಮ್ ಒಳಾಂಗಣ ಕ್ರೀಡಾಂಗಣದಲ್ಲಿ ನಡೆದ ಬ್ಯಾಸ್ಕೆಟ್‌ಬಾಲ್ ಪೂರ್ವಸಿದ್ಧತಾ ಪಂದ್ಯದಲ್ಲಿ ಅಮೆರಿಕದ ಸ್ಯಾಕ್ರಮೆಂಟೊ ಕಿಂಗ್ಸ್ ತಂಡ ಸೋತದ್ದನ್ನು ಗಂಭೀರವಾಗಿ ಪರಿಗಣಿಸಬೇಕಿತ್ತೇ ಎಂದು ಕೇಳಿದ್ದೀರಿ. ಸೋಲನ್ನಲ್ಲ, ಎದುರಾಳಿಗೆ ಅಷ್ಟೊಂದು ಅಂಕ ಬಿಟ್ಟುಕೊಟ್ಟ ಅವರ ರಕ್ಷಣಾ ಆಟವನ್ನು ಖಂಡಿತ ಪರಿಗಣಿಸಬೇಕಿತ್ತು. ಹೆಚ್ಚುವರಿ ಅವಧಿಯವರೆಗೂ ಎಳೆದ ಆಟದಲ್ಲಿ ಇಂಡಿಯಾನಾ ಪೇಸರ್ಸ್ 132–131ರಿಂದ ಗೆದ್ದಿತು, ಆ ತಂಡದ ಟಿ. ಜೆ. ವಾರನ್ ಒಬ್ಬರೇ 30 ಅಂಕ ಬಾಚಿಕೊಂಡರು. ಅಂದು ಡೋಮ್ ತುಂಬ ಶಾಲಾ ಮಕ್ಕಳು. ಮಾಟುಂಗದ ನಾವು ಟಿವಿಗೆ ಅಂಟಿಕೊಂಡಿದ್ದೆವು. ಚೆಂಡು ಬುಟ್ಟಿಗೆ ಬಿದ್ದಾಗಲೆಲ್ಲ, ಯಾವ ತಂಡದ್ದೆಂದು ನೋಡದೆ, ಆ ಮಕ್ಕಳು ಕಿವಿಗಡಚಿಕ್ಕುವಂತೆ ಕೂಗುತ್ತಿದ್ದರು. ಭಾರತದ ನೆಲದಲ್ಲಿ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಮೊದಲ ಪಂದ್ಯಕ್ಕೆ ಅದಕ್ಕಿಂತ ಒಳ್ಳೆಯ ಪ್ರೇಕ್ಷಕರು ಸಿಗುತ್ತಿರಲಿಲ್ಲ! ಮರುದಿನ ಪೇಸರ್ಸ್ ಮತ್ತೆ 130 ಅಂಕ ಹೊಡೆದು ಸುಲಭವಾಗಿ ಗೆದ್ದಿತು. ನಂತರ ಶುರುವಾದ ಲೀಗ್ ಋತುವಿನ ಮೊದಲ ಐದೂ ಪಂದ್ಯಗಳನ್ನು ಕಿಂಗ್ಸ್ ಸೋತಿತು.